ಮಾರ್ಚಿನ ಸುತ್ತು ಕೇಳಿದವರು

ಗೋಡೆಯ ಮೇಲೆ ಸೊಳ್ಳೆ ಕೂತರೆ ನಾವೆಲ್ಲ ಕೈ ಎತ್ತುತ್ತೇವೆ. ಅವರು ಕೈ ಹಿಂದೆ ಕಟ್ಟಿಕೊಂಡು ಹತ್ತಿರ ಹೋಗಿ ಅದು ಕೂತ ರೀತಿ ನೋಡುತ್ತಿದ್ದರು. ಮೈ ಗೋಡೆಗೆ ಸಮವಾಗಿದ್ದರೆ, "ಇದು ನಮ್ದಲ್ಲ ಬಿಡ್ರಿ" ಎಂದು ಮುಂದೆ ಹೋಗುತ್ತಿದ್ದರು. ತಲೆ ಗೋಡೆಗೆ ಊರಿ, ಹಿಂಭಾಗ ಎತ್ತಿ, ಓರೆಯಾಗಿ ಹೊಡೆದ ಮೊಳೆಯ ಹಾಗೆ ಕೂತಿದ್ದರೆ ಅವರ ಮುಖ ಬದಲಾಗುತ್ತಿತ್ತು. "ಹಾಂ, ಇದು ನೋಡ್ರಿ, ನಮ್ದು." ಮಲೇರಿಯಾ ಹರಡುವ ಸೊಳ್ಳೆಯನ್ನು ಅವರು ನೌಕರಿ ಮುಗಿಯುವವರೆಗೂ ಹೀಗೇ ಕರೆದರು, ಮನೆಯ ಪೋಲಿ ಹುಡುಗನನ್ನು ನಮ್ಮವನೇ ಅನ್ನುವ ಹಾಗೆ.

ಅವರು ಮಲೇರಿಯಾ ಕೆಲಸಕ್ಕೆಂದು ನೇಮಕವಾದ ಸರ್ಕಾರಿ ಕಾರ್ಯಕರ್ತರು. ಶಿಕಾರಿಪುರದಲ್ಲಿ ಬಾಡಿಗೆ ಕೋಣೆ, ಕಚೇರಿಯ ಮೂಲೆಯಲ್ಲಿ ಒಂದು ಮೇಜು, ಒಂದು ಸೈಕಲ್ಲು. ಅಂಜನಾಪುರದ ಡ್ಯಾಮಿನ ಕಾಲುವೆ ಹಾಯುವ ಹಳ್ಳಿಗಳು ಅವರ ಪಾಲಿಗೆ ಬಂದಿದ್ದವು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೆ ಬರುವುದು, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿಕೊಳ್ಳುವುದು, ಕಹಿ ಗುಳಿಗೆ ಎದುರಿಗೇ ನುಂಗಿಸುವುದು, ಬಂದ ತಾರೀಖನ್ನು ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಬರೆಯುವುದು. ಇಷ್ಟು ಅವರ ಕೆಲಸ. ನಾನು ಆ ಹಳ್ಳಿಗಳಲ್ಲೊಂದರ ಸೊಸೆ, ಅಲ್ಲಿನ ಅಂಗನವಾಡಿಯ ಟೀಚರು. ಎಸ್ಸೆಸ್ಸೆಲ್ಸಿ ಪಾಸಾದವಳು ಊರಲ್ಲಿ ನಾನೊಬ್ಬಳೇ ಇದ್ದುದರಿಂದ ಊರಿಗೆ ಬಂದ ಸರ್ಕಾರದ ಕಾಗದವೆಲ್ಲ ನನ್ನ ಕೈಗೇ ಬರುತ್ತಿತ್ತು, ಸರ್ಕಾರದ ಜನವೂ ಹಾಗೇ. ತೊಂಬತ್ತರ ದಶಕ ಶುರುವಾದ ಕಾಲ ಅದು.

ಊರಿನವರು ಅವರನ್ನು ಸೊಳ್ಳೆ ಮೇಷ್ಟ್ರು ಎನ್ನುತ್ತಿದ್ದರು. "ಬಂದ್ರಪ್ಪ! ಸೊಳ್ಳೆ ಕುಡದು ಉಳಿಸಿದ್ದನ್ನ ಇವರು ಕುಡೀತಾರೆ" ಎಂದು ಕಟ್ಟೆಯ ಮೇಲಿನವರು ಕೂಗುತ್ತಿದ್ದರು. ಅವರು ಸೈಕಲ್ ನಿಲ್ಲಿಸುತ್ತಲೇ, "ಸೊಳ್ಳೆ ಗುಳಿಗೆ ಕೊಡ್ತೈತೇನೋ? ನಾ ಕೊಡ್ತೀನಿ. ಕೈ ಚಾಚು" ಎನ್ನುತ್ತಿದ್ದರು. ನಗುತ್ತಿದ್ದವನು ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ.

ಅವರ ಊರು ಸೊರಬ ತಾಲ್ಲೂಕಿನ ಜಡೆಯ ಕಡೆ. ಮಾತು ಅರ್ಧ ಆ ಕಡೆಯದು, ಅರ್ಧ ನಮ್ಮ ಕಡೆಯದು. ಸಿಟ್ಟು ಬಂದರೆ ಮಾತ್ರ ಪೂರ್ತಿ ಆ ಕಡೆಯದು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಬಹಳ ಸಲ ನೋಡಿದ್ದೇನೆ. ಎಲ್ಲ ಸಲವೂ ಒಂದೇ ವಿಷಯಕ್ಕೆ.

ಬೆಳಕು ಹರಿಯುವ ಹೊತ್ತಿಗೆ ಅವರು ನಮ್ಮ ಕೊಟ್ಟಿಗೆಗೆ ಬರುತ್ತಿದ್ದರು. ಒಂದು ಕೈಯಲ್ಲಿ ಬ್ಯಾಟರಿ, ಬಾಯಲ್ಲಿ ರಬ್ಬರ್ ಕೊಳವೆ, ಕೊಳವೆಯ ತುದಿಗೆ ಗಾಜಿನ ನಳಿಗೆ. ಗೋಡೆಯಲ್ಲಿ ಕೂತ ಸೊಳ್ಳೆಯ ಮೇಲೆ ನಳಿಗೆ ಇಟ್ಟು ಉಸಿರು ಎಳೆದರೆ ಅದು ಒಳಗೆ ಬಂದು ಬೀಳುತ್ತಿತ್ತು. ಹದಿನೈದು ನಿಮಿಷದಲ್ಲಿ ಎಷ್ಟು ಸಿಕ್ಕವು ಎಂದು ಬರೆದುಕೊಳ್ಳುತ್ತಿದ್ದರು. ಇಷ್ಟನ್ನು ಕಚೇರಿ ಕೇಳುತ್ತಿತ್ತು. ಕಚೇರಿ ಕೇಳದ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ದನ ಕಟ್ಟುವ ಗೂಟದ ಮೇಲೆ ಒಂದು ಥರ್ಮಾಮೀಟರ್ ತೂಗಿಹಾಕಿ ಆ ಹೊತ್ತಿನ ಬಿಸಿ ಎಷ್ಟೆಂದು ನೋಡುತ್ತಿದ್ದರು. ಮೊದಲು ಸೊರಬದಲ್ಲಿದ್ದಾಗಲೂ ಹೀಗೇ ಮಾಡುತ್ತಿದ್ದರಂತೆ.

ನಮ್ಮ ಅತ್ತೆ ಒಮ್ಮೆ ಕೇಳಿದರು, "ಅದೇನ್ರೀ, ಎಮ್ಮಿಗೆ ಜ್ವರ ಬಂದೈತಾ?"

"ಎಮ್ಮಿಗಲ್ಲವ್ವಾ, ಚಳಿಗಾಲಕ್ಕೆ" ಎಂದರು ಅವರು.

ಅತ್ತೆಗೆ ಇದು ಚೆನ್ನಾಗಿ ಹಿಡಿಸಿ ವಾರಗಟ್ಟಲೆ ಎಲ್ಲರಿಗೂ ಹೇಳಿದರು. ಆದರೆ ಅವರು ತಮಾಷೆಗೆ ಹೇಳಿರಲಿಲ್ಲ. ಕಚೇರಿಯ ಲೆಕ್ಕದಲ್ಲಿ ನಮ್ಮ ಕಡೆ ಮಲೇರಿಯಾ ಸೊಳ್ಳೆ ಏಳುವುದು ಮುಂಗಾರಿನ ಹೊತ್ತಿಗೆ. ಆದ್ದರಿಂದ ಮನೆಗಳ ಗೋಡೆಗೆ ಔಷಧಿ ಹೊಡೆಯುವ ಮೊದಲ ಸುತ್ತು ಮೇ ತಿಂಗಳ ಕೊನೆಗೆ. ಆ ತಾರೀಖನ್ನು ಯಾರು, ಯಾವ ಕಾಲದಲ್ಲಿ ಹಾಕಿದ್ದರೋ. ಅವರು ನಮ್ಮ ಕೊಟ್ಟಿಗೆಯಲ್ಲಿ ಫೆಬ್ರುವರಿ ಮುಗಿಯುವ ಮೊದಲೇ ನಳಿಗೆ ತುಂಬ ಸೊಳ್ಳೆ ಹಿಡಿಯುತ್ತಿದ್ದರು. ವರ್ಷದಿಂದ ವರ್ಷಕ್ಕೆ ಸೊಳ್ಳೆ ಏಳುವ ಹೊತ್ತು ಹಿಂದೆ ಹಿಂದೆ ಸರಿಯುತ್ತಿತ್ತು. ಜನವರಿಯ ಬೆಳಗಿನ ಚಳಿ ಕಡಿಮೆಯಾಗುತ್ತ ಬಂದಿತ್ತು.

"ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡ್ತೈತಿ ಅಂತಿದ್ರು ನಮ್ಮಪ್ಪ. ಈಗ ಸಂಕ್ರಾಂತಿಗೆ ಎಳ್ಳುಬೆಲ್ಲ ತಿಂದು ಹೊರಟುಬಿಡ್ತದೆ, ಶಿವನಿಗೂ ಕಾಯಲ್ಲ" ಎಂದು ಅಂಗನವಾಡಿಯ ಜಗಲಿಯಲ್ಲಿ ಕೂತು ಹೇಳಿದ್ದರು.

ಚಳಿ ಹೋದರೆ ಸೊಳ್ಳೆಗೇನು ಎಂದು ನಾನು ಕೇಳಿದೆ. ಆಗ ಅವರು ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

"ನೀವು ಹಾಲಿಗೆ ಹೆಪ್ಪು ಹಾಕ್ತೀರಲ್ರೀ ಟೀಚರಮ್ಮ. ಚಳಿಗಾಲದಾಗೆ ಮೊಸರು ಯಾವಾಗ ಆಗ್ತೈತಿ?"

"ಮಧ್ಯಾಹ್ನ ಆದ್ರೂ ನೀರು ನೀರೇ ಇರ್ತೈತಿ."

"ಬೇಸಿಗೆಯಾಗೆ?"

"ಬೆಳಗಾಗೋದ್ರಾಗೆ ಗಟ್ಟಿ."

"ಅದೇ ಹಾಲು, ಅದೇ ಹೆಪ್ಪು. ಬಿಸಿ ಒಂದೇ ಬೇರೆ. ಕಾಲುವೆ ಸೋರಿ ನಿಂತ ನೀರಾಗೆ ಸೊಳ್ಳೆ ಇಟ್ಟ ತತ್ತಿನೂ ಹಂಗೇ. ಚಳಿ ಇದ್ರೆ ಹುಳ ಸೊಳ್ಳೆ ಆಗಕ್ಕೆ ವಾರಗಟ್ಟಲೆ ಒದ್ದಾಡ್ತದೆ. ಬೆಚ್ಚಗಿದ್ರೆ ಹತ್ತೇ ದಿನಕ್ಕೆ ಹಾರ್ತದೆ. ಇನ್ನೊಂದು ಐತಿ. ರೋಗದವನ ರಕ್ತ ಕುಡಿದ ಸೊಳ್ಳೆ ಹೊಟ್ಟೆಯಾಗೆ ರೋಗ ಮಾಗಬೇಕು. ಅದೂ ಒಂದು ಹೆಪ್ಪು. ಚಳಿಯಾಗೆ ಅದು ಮಾಗೋದ್ರೊಳಗೆ ಸೊಳ್ಳೆನೇ ಸತ್ತುಹೋಗ್ತಿತ್ತು. ಈಗ ಸೊಳ್ಳೆ ಸಾಯೋದ್ರೊಳಗೆ ಮೊಸರಾಗಿರ್ತೈತಿ."

ಬಿಸಿ ತೀರಾ ಹೆಚ್ಚಾದರೆ ಸೊಳ್ಳೆಯೂ ಬದುಕುವುದಿಲ್ಲವಂತೆ. ದಾವಣಗೆರೆ ಕಡೆಯ ಒಣ ಊರುಗಳಲ್ಲಿ ಏಪ್ರಿಲ್ ಬಿಸಿಲಿಗೆ ಅವು ಕಡಿಮೆಯಾಗುತ್ತವೆ ಎಂದಿದ್ದರು. ನಮ್ಮಲ್ಲಿ ಹಾಗಿಲ್ಲ. ಬೇಸಿಗೆ ಭತ್ತಕ್ಕೆ ಕಾಲುವೆಯ ನೀರು ಬರುತ್ತದೆ, ಗದ್ದೆಯ ತೇವ ಇರುತ್ತದೆ, ಕೊಟ್ಟಿಗೆಯ ತಂಪು ಇರುತ್ತದೆ. "ನಿಮ್ಮೂರಾಗೆ ಸೊಳ್ಳೆಗೆ ಅಳಿಯನ ಉಪಚಾರ ನಡೀತೈತಿ" ಎನ್ನುತ್ತಿದ್ದರು.

ಇದನ್ನೆಲ್ಲ ಬರೆದು ಅವರು ಮೇಲಿನವರಿಗೆ ಕಳಿಸಿದರು. ಮೊದಲ ಸುತ್ತನ್ನು ಮೇ ತಿಂಗಳಿಂದ ಮಾರ್ಚಿಗೆ ತರಬೇಕು ಎಂಬುದೊಂದೇ ಕೋರಿಕೆ. ಉತ್ತರ ಬರಲಿಲ್ಲ. ಮರುವರ್ಷ ಮತ್ತೆ ಬರೆದರು. ಕೆಳಗಿನ ನೌಕರರು ತಮಗೆ ಸಂಬಂಧಪಡದ ವಿಷಯದಲ್ಲಿ ತಲೆಹಾಕಬಾರದು ಎಂಬ ಉತ್ತರ ಬಂತು. ಆ ಕಾಗದವನ್ನು ನನಗೆ ತೋರಿಸಿದಾಗ ಅವರ ಕಿವಿಯೆಲ್ಲ ಕೆಂಪಾಗಿತ್ತು.

"ಭೂಮಿ ಬಿಸಿಯಾಗ್ತಾ ಐತಿ ಅಂತ ಪೇಪರ್ನಾಗೆ ಬರೀತಾರಲ್ರೀ. ಎಲ್ಲೋ ಹಿಮ ಕರಗೋದು, ಸಮುದ್ರ ಏರೋದು ಬರೀತಾರೆ. ಓದಿದೋರೆಲ್ಲ ಹೌದು ಹೌದು ಅಂತಾರೆ. ಕೊಟ್ಟಿಗೆಗೆ ಬಂದು ನೋಡ್ರಿ ಅಂದ್ರೆ ನಾನು ತಲೆಹರಟೆ! ಎಂತಕ್ಕೆ ಬೇಕು ನಂಗೆ ಈ ನೌಕ್ರಿ?"

ಆಮೇಲೆ ಎದ್ದು ಹೋಗಿ ಪಕ್ಕದ ಮನೆಯವರ ಬೆರಳು ಚುಚ್ಚಿ ಬಂದರು.

ಹೀಗೆ ಕೇಳುತ್ತ ಕೇಳುತ್ತ ನಾಲ್ಕನೆಯ ವರ್ಷಕ್ಕೆ ಒಪ್ಪಿಗೆ ಸಿಕ್ಕಿತು. ಕಚೇರಿಯಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವ ಮೊದಲು, "ಒಂದು ಊರು, ಒಂದು ವರ್ಷ. ಜ್ವರ ಇಳಿದ್ರೆ ಮುಂದಿನ ವರ್ಷ ಕಾಲುವೆ ಸಾಲಿನ ಎಲ್ಲಾ ಊರಿಗೂ ಮಾರ್ಚ್ ಸುತ್ತು. ಇಳೀಲಿಲ್ಲ ಅಂದ್ರೆ ಮತ್ತೆ ಈ ಮಾತು ಎತ್ತಬಾರದು" ಎಂದು ಸಹಿ ಹಾಕಿದರಂತೆ. ಅವರು ಆರಿಸಿದ್ದು ನಮ್ಮ ಊರನ್ನು. ಮಾರ್ಚ್ ಮೊದಲ ವಾರ ಔಷಧಿ ಹೊಡೆಯುವವರು ಬಂದರು. ಗೋಡೆಗಳೆಲ್ಲ ಬಿಳಿಬಿಳಿ ಕಲೆಯಾದವು. ತಿಗಣೆಗಳು ಸಂದಿಯಿಂದ ಎದ್ದು ಬಂದವು. "ಸೊಳ್ಳೆ ಓಡಿಸ್ತೀನಿ ಅಂತ ತಿಗಣಿ ದಿಬ್ಬಣ ಎಬ್ಬಿಸಿದ್ರಲ್ರೀ" ಎಂದು ಹೆಂಗಸರು ಅವರನ್ನು ಬೈದರು. ಅವರು ಅಷ್ಟು ಖುಷಿಯಾಗಿ ಬೈಸಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೆಲಸ ಮುಗಿದ ದಿನ ನಮ್ಮ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಗೋಡೆಯ ಔಷಧಿ ಎರಡೂವರೆ ಮೂರು ತಿಂಗಳು ಇರುತ್ತದೆ, ಸೊಳ್ಳೆ ಬಂದು ಕೂತಲ್ಲೇ ಸಾಯುತ್ತದೆ ಎಂದು ಹೇಳುತ್ತಿದ್ದರು. ನನಗೆ ತಟ್ಟನೆ ಹೊಳೆಯಿತು.

"ಅಲ್ರೀ, ಯುಗಾದಿ ಬಂತಲ್ಲ. ಎಲ್ರೂ ಗೋಡೆ ಬಳೀತಾರಲ್ಲ."

ಅವರು ಲೋಟವನ್ನು ಬಾಯಿಂದ ಇಳಿಸಿದರು. ಯುಗಾದಿಗೆ ಮೊದಲು ಸಗಣಿ, ಕೆಮ್ಮಣ್ಣು ಕಲಸಿ ಮಣ್ಣಿನ ಗೋಡೆಯನ್ನೆಲ್ಲ ಹೊಸದಾಗಿ ಬಳಿಯುವುದು ನಮ್ಮಲ್ಲಿ ತಲೆತಲಾಂತರದಿಂದ ನಡೆದದ್ದು. ಬಳಿದರೆ ಔಷಧಿ ಅದರಡಿ ಮುಚ್ಚಿಹೋಗುತ್ತದೆ. ಮೇ ತಿಂಗಳ ಸುತ್ತಿಗೆ ಈ ತೊಂದರೆಯೇ ಇರಲಿಲ್ಲ, ಅಷ್ಟು ಹೊತ್ತಿಗೆ ಬಳಿದು ಮುಗಿದಿರುತ್ತಿತ್ತು. ನಾಲ್ಕು ವರ್ಷ ಥರ್ಮಾಮೀಟರ್ ನೋಡಿದ ಆ ಮನುಷ್ಯ, ಹಬ್ಬ ಮಾಡುವ ಮನೆಯಲ್ಲೇ ಹುಟ್ಟಿ ಬೆಳೆದವರು, ಇದನ್ನೊಂದನ್ನು ಯೋಚಿಸಿರಲಿಲ್ಲ.

"ನಮ್ಮನೆಯಾಗೂ ಬಳೀತಾರಲ್ರೀ" ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. ಮಜ್ಜಿಗೆ ಅಲ್ಲೇ ಬಿಟ್ಟು ಎದ್ದರು.

ಮರುದಿನದಿಂದ ಮನೆ ಮನೆ ತಿರುಗಿದರು. ಈ ಒಂದು ಯುಗಾದಿ ನೆಲ ಮಾತ್ರ ಸಾರಿಸಿ, ಗೋಡೆ ಮುಟ್ಟಬೇಡಿ, ಮಳೆಗಾಲ ಬರುವವರೆಗೆ ತಡೆಯಿರಿ ಎಂದು ಕೈ ಮುಗಿದರು. ಜನ ನಕ್ಕರು. "ಹೊಸ ವರ್ಷಕ್ಕೆ ಹೊಲಸು ಗೋಡೆ ಇಟ್ಕಂಡು ಹೋಳಿಗೆ ತಿನ್ನಾದಾ?" ಎಂದಳು ಒಬ್ಬ ಮುದುಕಿ. "ನೀವು ಲಗ್ನಕ್ಕೆ ಹರಕಂಗಿ ಹಾಕ್ಕಂಡಿದ್ರೇನು?" ಅವರು ಸೈಕಲ್ ತಳ್ಳಿಕೊಂಡು ಮುಂದಿನ ಮನೆಗೆ ಹೋದರು.

ಕೊನೆಗೆ ಅಂಗನವಾಡಿಯಲ್ಲಿ ಹೆಂಗಸರ ಸಭೆ ಸೇರಿಸಿದೆವು. ಅವರು ಹೆಪ್ಪಿನ ಮಾತು ಹೇಳಿದರು. ಎಲ್ಲರೂ ಕೇಳಿದರು. ಆಗ ನಾನು ಎದ್ದು ನಿಂತು, "ನಮ್ಮನಿ ಗೋಡೆ ನಾ ಬಳಿಯಲ್ಲ" ಎಂದೆ. ಟೀಚರಮ್ಮನೇ ಅಂದಮೇಲೆ ನಮಗೇನು ಎಂದು ಒಬ್ಬೊಬ್ಬರಾಗಿ ಒಪ್ಪಿದರು. ಹೊರಗೆ ಬಂದು ಅವರು ಸೈಕಲ್ಲಿನ ಸೀಟು ಒರೆಸುತ್ತ, "ನಿಮ್ಮಿಂದ ಉಳೀತು" ಎಂದರು. ನನ್ನ ಬಗ್ಗೆ ಯಾರೂ ಅಂಥ ಮಾತು ಆಡಿರಲಿಲ್ಲ.

ಇನ್ನು ಮುಂದಿನದು ನನ್ನ ಮನೆಯ ವಿಷಯ. ಅದನ್ನು ಬಿಟ್ಟು ಅವರ ಬಗ್ಗೆ ಹೇಳಲು ಬರುವುದಿಲ್ಲ.

ನನ್ನ ನಾದಿನಿ ಗಿರಿಜಾಳನ್ನು ಸೊರಬದ ಕಡೆ ಕೊಟ್ಟಿತ್ತು. ಚೊಚ್ಚಲ ಬಸುರಿ. ಏಳನೆಯ ತಿಂಗಳ ಕುಬಸ ಮುಗಿಸಿ ಬಾಣಂತನಕ್ಕೆ ತವರಿಗೆ ಕರೆತರುವ ದಿನ ಯುಗಾದಿಗೆ ನಾಲ್ಕು ದಿನ ಮೊದಲು ಬಂತು. ಜೊತೆಗೆ ಅವಳ ಅತ್ತೆ, ಗಂಡನ ಅಕ್ಕ ಎಲ್ಲ ಬರುವವರಿದ್ದರು. ನಮ್ಮ ಅತ್ತೆ ನಡುಮನೆಯಲ್ಲಿ ನಿಂತು ಬಿಳಿ ಕಲೆಗಳನ್ನು ನೋಡಿದರು.

"ಬೀಗರು ಬಂದು ಈ ತೊನ್ನು ಹತ್ತಿದ ಗೋಡಿ ನೋಡಬೇಕೇನು? ಬಸುರಿ ಹೆಂಗಸು ಈ ವಿಷದ ವಾಸನಿಯಾಗೆ ಮಲಗಬೇಕಾ?"

"ಮಾತು ಕೊಟ್ಟೀನಿ ಅತ್ತೆ."

"ಯಾರಿಗೆ? ಸೊಳ್ಳಿ ಮೇಷ್ಟ್ರಿಗಾ? ಅವರು ಬರ್ತಾರೇನು ನಿನ್ನ ನಾದಿನಿ ಬಾಣಂತನ ಮಾಡಕ್ಕೆ?"

ಅತ್ತೆಗೆ ಮಂಡಿನೋವು, ಏಣಿ ಹತ್ತಲು ಆಗುತ್ತಿರಲಿಲ್ಲ. ನಾನು ಬಳಿಯದೆ ಇದ್ದಿದ್ದರೆ ಆ ಗೋಡೆ ಹಾಗೇ ಇರುತ್ತಿತ್ತು. ನಾನು ಒಂದು ದಿನ ತಡೆದೆ. ಎರಡನೆಯ ದಿನ ಕೆಮ್ಮಣ್ಣು ಕಲಸಿದೆ. ಗಿರಿಜಾ ಮಲಗುವ ಒಳಕೋಣೆಯನ್ನೇ ಮೊದಲು ಬಳಿದೆ, ಎರಡು ಕೈ, ಮೂಲೆ ಮೂಲೆಗೂ. ನನ್ನ ಮೊಣಕೈಗೆ ಹತ್ತಿದ ಮಣ್ಣನ್ನು ಬಾವಿಕಟ್ಟೆಯಲ್ಲಿ ತೊಳೆಯುವಾಗ ನೆರೆಯವರು ನೋಡಿದರು. ಸಂಜೆಯೊಳಗೆ ಊರಿನ ಮನೆಮನೆಯಲ್ಲೂ ಕೆಮ್ಮಣ್ಣು ಕಲಸುವ ಸದ್ದು. ಯುಗಾದಿಯ ಬೆಳಿಗ್ಗೆ ಊರು ಹೊಸದಾಗಿ ಕೆಂಪಗೆ ಕಾಣುತ್ತಿತ್ತು.

ಹಬ್ಬ ಕಳೆದು ಅವರು ಬಂದರು. ಒಂದು ಮನೆಯ ಬಾಗಿಲು ದಾಟಿದರು, ಎರಡನೆಯದು ದಾಟಿದರು. ಮೂರನೆಯ ಮನೆಯ ಹೊತ್ತಿಗೆ ಅವರ ನಡಿಗೆಯೇ ಬೇರೆಯಾಗಿತ್ತು. ನಮ್ಮ ಬಾಗಿಲಿಗೆ ಬಂದಾಗ ನಾನು ಒಳಗೇ ಉಳಿದೆ. ಅವರು ಅಂಗೈಯನ್ನು ಗೋಡೆಗೆ ಒತ್ತಿ ನೋಡಿದರು. ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಬಾಗಿಲ ಹಿಂದೆ ತಾರೀಖು ಹಾಕಿದರು. ಅತ್ತೆ ಹೋಳಿಗೆ ಕೊಟ್ಟರೆ ಬೇಡವೆನ್ನದೆ ತಿಂದರು.

ಏಪ್ರಿಲ್ ನಡುವಿಗೆ ಗಿರಿಜಾಳಿಗೆ ಚಳಿಜ್ವರ ಬಂತು. ಒಂದು ದಿನ ಬಿಟ್ಟು ಒಂದು ದಿನ, ಮಧ್ಯಾಹ್ನದ ಹೊತ್ತಿಗೆ ಮೂರು ಕಂಬಳಿ ಹೊದಿಸಿದರೂ ಹಲ್ಲು ಕಡಿಯುತ್ತಿದ್ದಳು. ಅವರು ದಿನಾ ಬಂದರು. ಬೆರಳು ಚುಚ್ಚಿದರು, ಗುಳಿಗೆ ನುಂಗಿಸಿದರು, ಶಿಕಾರಿಪುರದ ಆಸ್ಪತ್ರೆಗೆ ಕರೆದೊಯ್ಯಲು ತಾವೇ ಹೋಗಿ ಜೀಪು ತಂದರು. ಅಲ್ಲಿ ಮೂರನೆಯ ದಿನ ಹೊಟ್ಟೆಯಲ್ಲಿದ್ದ ಮಗು ತೀರಿಕೊಂಡಿತು. ಗಂಡು ಮಗು. ಗಿರಿಜಾ ಉಳಿದಳು. ಬಸುರಿಯರಿಗೆ ಈ ಜ್ವರ ಬಂದರೆ ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರು. ಊರಿನಲ್ಲಿ ಆ ತಿಂಗಳು ಮನೆಮನೆಯಲ್ಲೂ ಜ್ವರವಿತ್ತು, ಹೋದ ವರ್ಷದ ಹಾಗೆಯೇ.

ಇನ್ನೂ ಎರಡು ವಾರ ಕಳೆದ ಮೇಲೆ ಅವರು ವರದಿ ಬರೆಯುತ್ತಿದ್ದಾರೆಂದು ಗೊತ್ತಾಯಿತು. ಯಾವ ಯಾವ ಮನೆಯವರು ಔಷಧಿಯ ಮೇಲೆ ಬಳಿದರು ಎಂಬ ಪಟ್ಟಿ ಅದರಲ್ಲಿ ಇರಬೇಕಿತ್ತು. ಅದರ ನಕಲು ಪಂಚಾಯ್ತಿಗೆ ಬರುತ್ತಿತ್ತು. ಪಂಚಾಯ್ತಿಯಲ್ಲಿ ಗಿರಿಜಾಳ ಮಾವನ ಹತ್ತಿರದ ನೆಂಟರೊಬ್ಬರಿದ್ದರು. ತವರಿನವರೇ ಗೋಡೆ ಬಳಿದು ತಮ್ಮ ವಂಶದ ಕುಡಿಯನ್ನು ಕಳೆದರು ಎಂದು ಸೊರಬದಲ್ಲಿ ತಿಳಿದರೆ ಅವಳನ್ನು ಮತ್ತೆ ನಮ್ಮ ಮನೆಯ ಹೊಸ್ತಿಲು ತುಳಿಯಲು ಬಿಡುತ್ತಿರಲಿಲ್ಲ. ಅತ್ತೆ ಊಟ ಬಿಟ್ಟರು. ನಾನು ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋದೆ.

ಅವರು ಮೇಜಿನ ಮುಂದೆ ಕೂತಿದ್ದರು. ಪಟ್ಟಿ ಎದುರಿಗೇ ಇತ್ತು.

"ನಮ್ಮನಿ ಹೆಸರು ಬರೀಬ್ಯಾಡ್ರಿ" ಎಂದೆ. ಕಾರಣ ಹೇಳಿದೆ. ಪೂರ್ತಿ ಕೇಳಿದರು.

"ನಿಮ್ಮನೆ ಬಿಟ್ಟು ಉಳಿದೋರದ್ದು ಬರೆದ್ರೆ ಸುಳ್ಳಾಗ್ತದೆ ಟೀಚರಮ್ಮ. ಬರೆದ್ರೆ ಎಲ್ರದ್ದೂ ಬರೀಬೇಕು. ಇಲ್ಲಾಂದ್ರೆ ಯಾರದ್ದೂ ಬರೀಬಾರದು. ಹೆಸರಿಲ್ದೆ ಊರೇ ಬಳೀತು ಅಂತ ಬರೆದ್ರೆ ಮೇಲಿನೋರು ನಂಬಲ್ಲ."

"ಯಾರದ್ದೂ ಬರೀದೆ ಇದ್ರೆ?"

"ಔಷಧಿ ಹೊಡೆದ್ರು, ಜ್ವರ ಇಳೀಲಿಲ್ಲ. ಅಷ್ಟೇ ಉಳೀತದೆ."

ಅಂದರೆ ಮಾರ್ಚಿನ ಸುತ್ತು ಅಲ್ಲಿಗೆ ಮುಗಿಯಿತು. ನನಗೆ ಅದು ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗಿಯೂ ನಾನು ಬೆಂಚಿನ ಮೇಲಿಂದ ಏಳಲಿಲ್ಲ. ಅವರು ಪಟ್ಟಿಯನ್ನೇ ನೋಡಿದರು. ನನ್ನ ಮುಖ ನೋಡಿದ್ದರೆ ನಾನೇ "ಬರೀರಿ" ಎಂದುಬಿಡುತ್ತಿದ್ದೆನೋ ಏನೋ. ನೋಡಲಿಲ್ಲ. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

"ನಾಲ್ಕೂಕಾಲಿನ ಬಸ್ಸು ಐತಿ, ಹೊರಡ್ರಿ" ಎಂದರು.

ಹೊಸದಾಗಿ ಬಂದಿದ್ದ ಅಧಿಕಾರಿ ಎಲ್ಲರೆದುರು, "ಏನ್ರೀ, ಸೊಳ್ಳೆ ನಿಮ್ಮ ಮಾತು ಕೇಳಲಿಲ್ವಂತೆ?" ಎಂದು ಕೇಳಿ ನಗಿಸಿದರೆಂದು ಆಮೇಲೆ ಅಲ್ಲಿನ ಜವಾನ ಹೇಳಿದ. ಮುಂದಿನ ವರ್ಷದಿಂದ ಔಷಧಿ ಮತ್ತೆ ಮೇ ತಿಂಗಳಿಗೇ ಬಂತು. ಅಷ್ಟರಲ್ಲಿ ಎರಡು ತಿಂಗಳ ಜ್ವರ ಮುಗಿದಿರುತ್ತಿತ್ತು. ಅವರು ಬರುವುದು ಬಿಡಲಿಲ್ಲ. ಬೆರಳು ಚುಚ್ಚುವುದು, ಗುಳಿಗೆ, ತಾರೀಖು. ಕಟ್ಟೆಯವರು ಕೂಗಿದರೆ ಎದುರುತ್ತರ ಮಾತ್ರ ಕೊಡುತ್ತಿರಲಿಲ್ಲ. ಕೂಗುವವರಿಗೂ ಬೇಸರವಾಗಿ ಬಿಟ್ಟರು. ನನಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. ಅವರು ನನ್ನನ್ನು ಬೈಯಬೇಕಿತ್ತು. ಒಂದು ಸಲವಾದರೂ ಆ ಜಡೆಯ ಕಡೆಯ ಮಾತಿನಲ್ಲಿ, ಕಿವಿ ಕೆಂಪು ಮಾಡಿಕೊಂಡು ಬೈಯಬೇಕಿತ್ತು. ಮೊದಲಿನ ಹಾಗೇ ಟೀಚರಮ್ಮ ಎಂದು ಕರೆದು, ಮಕ್ಕಳ ತೂಕ ಹೇಗಿದೆ ಎಂದು ಕೇಳಿ ಹೋಗುತ್ತಿದ್ದರು. ಆಮೇಲೆ ಸೊರಬಕ್ಕೆ ವರ್ಗವಾಯಿತು. ಅಲ್ಲಿಂದಲೇ ನಿವೃತ್ತಿ.

ಒಮ್ಮೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಕೈಯಲ್ಲಿ ಸೌತೆಬೀಜದ ಪೊಟ್ಟಣ. ಸೊರಬದಲ್ಲೂ ಈಗ ಜನವರಿಯಲ್ಲಿ ಶಾಲು ಬೇಡ ಎಂದರು. ನಾನು ಆ ಪಟ್ಟಿಯ ವಿಷಯ ಹೇಳಬೇಕೆಂದು ಬಾಯಿ ತೆರೆದೆ. "ಅದೆಲ್ಲ ಯಾಕ್ರೀ ಈಗ" ಎಂದು ಅವರೇ ಮೊದಲು ಹೇಳಿಬಿಟ್ಟರು. ಬಸ್ಸು ಬಂತು.

ಅವರು ತೀರಿದ ಮೇಲಿನ ಶಿವಗಣಾರಾಧನೆಯ ಕಾರ್ಡು ನನ್ನ ಕೈ ಸೇರಿದ್ದು ಅದು ನಡೆದು ಒಂದು ವಾರದ ಮೇಲೆ. ಎದೆನೋವು ಬಂದು ಬೆಳಿಗ್ಗೆ ಕೂತಲ್ಲೇ ಹೋದರಂತೆ. ನಾನು ಸೊರಬಕ್ಕೆ ಹೋಗಿ ಅಲ್ಲಿಂದ ಜಡೆಯ ಬಸ್ಸು ಹಿಡಿದೆ. ಅವರ ಹೆಂಡತಿ ನನ್ನನ್ನು ನೋಡಿರಲಿಲ್ಲ. ಊರಿನ ಹೆಸರು ಹೇಳಿದ ಕೂಡಲೇ, "ಓ, ಟೀಚರಮ್ಮನಾ? ಆ ಊರಿನ ಜನ ಬಹಳ ಒಳ್ಳೆಯೋರು ಅಂತಿದ್ರು ಇವರು. ಹೋಳಿಗೆ ಕೊಡದೆ ಕಳಿಸ್ತಿರಲಿಲ್ವಂತೆ" ಎಂದರು. ನಾನು ಆ ಮನೆಯಲ್ಲಿ ಕಾಫಿ ಕುಡಿಯಲಾರದೆ ಕುಡಿದೆ. ಸತ್ತವರ ಮೇಲೆ ಸಿಟ್ಟು ಬರಬಾರದು ಎನ್ನುತ್ತಾರೆ. ನನಗೆ ಬಂತು. ಹೆಂಡತಿಗೂ ಹೇಳದಷ್ಟು ಒಳ್ಳೆಯತನ ಯಾಕೆ ಬೇಕಿತ್ತು ಅವರಿಗೆ?

ವಾಪಸು ಬರುವಾಗ ದಾರಿಯಲ್ಲಿ ಇಳಿದು ಗಿರಿಜಾಳ ಮನೆಗೆ ಹೋದೆ. ಅವಳಿಗೆ ಈಗ ಇಬ್ಬರು ಹೆಣ್ಣುಮಕ್ಕಳು. ನಮ್ಮ ಅತ್ತೆ ತೀರಿಕೊಂಡು ಒಂದು ವರ್ಷವಾಗಿತ್ತು. ಮುಚ್ಚಿಡಲು ಇನ್ನೇನೂ ಉಳಿದಿಲ್ಲ ಅನಿಸಿ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಕೇಳಿದಳು.

"ನಂಗೆ ಅವತ್ತೇ ಗೊತ್ತಿತ್ತಲ್ಲ ಅತ್ತಿಗೆ. ಗೋಡಿ ಇನ್ನೂ ಹಸಿ ಇತ್ತು, ಬೆನ್ನಿಗೆಲ್ಲ ಕೆಂಪು ಹತ್ತಿತ್ತು. ನಮ್ಮತ್ತಿನೇ ಒರೆಸಿದ್ರು. ಔಷಧಿ ಹೊಡೆದಿದ್ದೂ ಊರಿಗೆಲ್ಲ ಗೊತ್ತು. ನಮ್ಮ ಮಾವಗೂ ಗೊತ್ತಿತ್ತು."

"ಗೊತ್ತಿದ್ದೂ ಏನೂ ಅನ್ಲಿಲ್ಲ?"

"ಏನನ್ನಾದು? ಆ ಯುಗಾದಿಗೆ ನಮ್ಮನಿಯಾಗೂ ಬಳಿದಿದ್ರು. ಯಾರ್ ಬಳೀಲಿಲ್ಲ ಹೇಳು."

ಎಲ್ಲರಿಗೂ ಗೊತ್ತಿದ್ದ ವಿಷಯವನ್ನು ಒಬ್ಬರೇ ಒಬ್ಬರು ಹೊಟ್ಟೆಯಲ್ಲಿಟ್ಟುಕೊಂಡು ತಾವು ಹೇಳಿದ್ದೇ ತಪ್ಪು ಎನ್ನಿಸಿಕೊಂಡು ಹೋದರು. ಆ ಕಾಗದಕ್ಕೆ ಹೆದರಿದ್ದು ನಾನು, ಅದರ ದಂಡ ತೆತ್ತದ್ದು ಅವರು, ಅವರಾದ ಮೇಲೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಹಲ್ಲು ಕಡಿಯುವ ಕಾಲುವೆ ಸಾಲಿನ ಜನ.

ಮಾರನೆಯ ವಾರ ಶಿಕಾರಿಪುರದ ಅದೇ ಕಚೇರಿಗೆ ಹೋದೆ. ಫೆಬ್ರುವರಿ ತಿಂಗಳು. ಅವರ ಜಾಗದಲ್ಲಿ ಬೇರೊಬ್ಬರಿದ್ದರು, ಮರ್ಯಾದೆಯ ಮನುಷ್ಯ, ಕುರ್ಚಿ ಕೊಟ್ಟರು. ಮೊದಲ ಸುತ್ತು ಯಾವಾಗ ಎಂದು ಕೇಳಿದೆ.

"ಮೇ ಕೊನೆಗೆ ಮೇಡಂ. ಯಾವಾಗ್ಲೂ ಹಂಗೇ ಅಲ್ವಾ."

"ನಮ್ಮೂರಾಗೆ ಒಂದ್ ವರ್ಷ ಮಾರ್ಚಿಗೆ ಮಾಡಿದ್ರು."

"ಹೌದು, ಅದು ಫೇಲಾಯ್ತಂತೆ. ಫೈಲ್ನಾಗೈತಿ."

"ಫೇಲಾಗಲಿಲ್ರೀ. ನಾವು ಗೋಡೆ ಬಳಿದ್ವಿ."

"ಹಂಗಂತ ಫೈಲ್ನಾಗಿಲ್ಲವಲ್ಲ."

"ಒಂದು ಹಾಳಿ ಕೊಡ್ರಿ" ಎಂದೆ.

ಬರೆದರೆ ಎಲ್ಲರದ್ದು, ಇಲ್ಲವಾದರೆ ಯಾರದ್ದೂ ಇಲ್ಲ ಎಂಬುದು ಸೊಳ್ಳೆ ಮೇಷ್ಟ್ರ ನ್ಯಾಯ. ನಾನು ಅದನ್ನು ಮುರಿದೆ. ಒಂದೇ ಮನೆಯದು ಬರೆದೆ. ಮನೆಯ ನಂಬರು, ಯಜಮಾನರ ಹೆಸರು, ಬಳಿದವಳ ಹೆಸರು. ಮಾತು ಕೊಟ್ಟು ತಪ್ಪಿದ್ದು, ಅದನ್ನು ನೋಡಿ ಊರು ಬಳಿದದ್ದು, ಹೆಸರು ಬರೆಯಬೇಡಿ ಎಂದು ಇದೇ ಕೋಣೆಯಲ್ಲಿ ಬೇಡಿಕೊಂಡದ್ದು. ಹೋದ ಮಗುವಿನ ವಿಷಯವನ್ನೂ ಬರೆದೆ. ಔಷಧಿಯ ಸುತ್ತು ಮಾರ್ಚಿಗೇ ಬರಬೇಕು, ಯುಗಾದಿಗೆ ಬಳಿದು ಮುಗಿದ ಮರುದಿನ ಹೊಡೆಯಬೇಕು ಎಂದು ಕೊನೆಗೆ ಸೇರಿಸಿದೆ. ಯುಗಾದಿ ಏಪ್ರಿಲ್ಲಿನಲ್ಲಿ ಬೀಳುವ ವರ್ಷಗಳಲ್ಲಿ ಮಾರ್ಚಿನ ಮೊದಲಿಗೇ ಬಳಿದು ಮುಗಿಸಲು ಜನರಿಗೆ ನಾನು ಹೇಳುತ್ತೇನೆ ಎಂದೂ ಬರೆದೆ. ಇಷ್ಟು ಸುಲಭದ ಮಾತು ಆಗ ನಮಗಿಬ್ಬರಿಗೂ ಯಾಕೆ ಹೊಳೆಯಲಿಲ್ಲವೋ.

ಹೊಸಬರು ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು, "ಹಳೇ ಮೇಷ್ಟ್ರು ನಿಮಗೆ ಏನಾಗಬೇಕು ಮೇಡಂ?"

"ಏನೂ ಆಗಬೇಕಿಲ್ಲ."

ಸೀಲು ಹೊಡೆದರು. "ಮೇಲೆ ಕಳಿಸ್ತೀನಿ. ಈ ವರ್ಷಕ್ಕಂತೂ ಆಗಲ್ಲ, ತಾರೀಖು ಬಂದಾಗೈತಿ."

"ಮುಂದಿನ ವರ್ಷ?"

"ಕೇಳಬೇಕು." ಅವರು ನನ್ನನ್ನು ನೋಡಿದರು. "ಈ ಯುಗಾದಿಗೆ ಗೋಡೆ ಬಳೀತೀರೇನು ಹಂಗಾದ್ರೆ?"

"ಔಷಧಿ ಹೊಡೆದ್ರೆ ಬಳಿಯಲ್ಲ."

"ಮೇ ತನಕ ಔಷಧಿ ಇಲ್ಲವಲ್ಲ ಮೇಡಂ."

ನಾನು ಎದ್ದೆ. ಆ ಯುಗಾದಿಗೂ ಗೋಡೆ ಬಳಿದೆ.